ಇದಕ್ಕೂ ಮಾರ್ಕ್ಸ್ ಇದೆ

ಫಿಲಿಪ್ಪೀನ್ಸಿನ ನಮ್ಮ ಇಲೊಯಿಲೊ ಬಂದರಿನ ಪಕ್ಕ ಊಟದಂಗಡಿ ಇಟ್ಟಿರುವ ಎರ್ಮಿನಿಯಾ ಅಕ್ಕನಿಗೆ ಮೊಮ್ಮಕ್ಕಳಾದ ಮೇಲೆ ಡಿಗ್ರಿಯ ಹುಚ್ಚು ಹಿಡಿದಿದೆ. ದುಡಿದು ಕಲಿತದ್ದನ್ನು ತೂಗಿ ನೋಡಿ ಕಾಲೇಜಿನವರು ಪದವಿ ಕೊಡುತ್ತಾರೆಂದು ಗೊತ್ತಾದಂದಿನಿಂದ ಅವಳ ಬಾಳಿನಲ್ಲಿ ದಂಡವಾದದ್ದು ಅಂತ ಯಾವುದೂ ಇಲ್ಲ. ಅನ್ನ ತಳ ಹಿಡಿದರೆ "ಬಿಡು, ಇದಕ್ಕೂ ಮಾರ್ಕ್ಸ್ ಇದೆ" ಅನ್ನುತ್ತಾಳೆ. ಕುಡಿದು ಬಂದ ಹಡಗಿನವರ ಜಗಳ ಬಿಡಿಸಿದರೆ ಅದು ಆಡಳಿತಶಾಸ್ತ್ರವಂತೆ. ಕೂತುಣ್ಣುವ ಗಂಡ ರೊಹೆಲಿಯೊನನ್ನು ಇಷ್ಟು ಕಾಲ ಸಂಭಾಳಿಸಿದ್ದಕ್ಕೆ ಡಾಕ್ಟರೇಟೇ ಕೊಡಬೇಕಂತೆ. "ಅಕ್ಕಾ, ಸಾರಿಗೆ ಉಪ್ಪಿಲ್ಲ" ಅಂದರೆ, "ಮೆಲ್ಲಗೆ ಹೇಳೋ ಮಾರಾಯ, ಪರೀಕ್ಷೆ ಮಾಡೋರು ಬರೋ ವಾರ ಇಲ್ಲೇ ಉಣ್ಣೋಕೆ ಬರ್ತಾರೆ" ಎಂದು ಸೌಟು ಎತ್ತುತ್ತಾಳೆ. "ಫೇಲಾದ್ರೆ?" ಎಂದು ಕೆಣಕಿದರೆ, "ಅದೂ ಅನುಭವಾನೇ ಕಣೋ!" ಒಂದು ವಿಷಯದಲ್ಲಿ ಮಾತ್ರ ಅವಳು ದನಿ ತಗ್ಗಿಸುತ್ತಾಳೆ. ನಮ್ಮಲ್ಲಿ ಪದವಿ ಪಡೆದವರ ಎದೆಗೆ ಹೆತ್ತವರೇ ರಿಬ್ಬನ್ ಹೂ ಚುಚ್ಚಬೇಕು. ತನ್ನ ಮಕ್ಕಳಿಗೆಲ್ಲ ಅವಳೇ ಚುಚ್ಚಿದ್ದಳು. ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಅವ್ವ, ಅಂದು ಮಗಳನ್ನು ಶಾಲೆ ಬಿಡಿಸಿ ಮೀನು ಮಾರಲು ಕೂರಿಸಿದ ಲೂರ್ದೆಸ್ ಅಜ್ಜಿ, ನಡುಗುವ ಕೈಯಲ್ಲಿ ಪಿನ್ನು ಹಿಡಿದು ದಿನವೂ ದಿಂಬಿಗೆ ಹೂ ಚುಚ್ಚಿ ಅಭ್ಯಾಸ ಮಾಡುತ್ತಾಳೆ. ನಿನ್ನೆ ಪಿನ್ನು ಬೆರಳಿಗೇ ಚುಚ್ಚಿತು. "ಇದಕ್ಕೂ ಮಾರ್ಕ್ಸ್ ಇದೆಯೇನೇ?" ಎಂದು ಅಜ್ಜಿ ಒಳಗಿನಿಂದ ಕೂಗಿದಳು. ಅಕ್ಕನ ಸೌಟು ಪಾತ್ರೆಯಲ್ಲೇ ನಿಂತಿತು. "ಇದೆ ಅವ್ವಾ. ನಾನು ಪಾಸಾಗೋ ಹೊತ್ತಿಗೆ ನೀನೂ ಕಲ್ತಿರ್ತೀಯ."