ಒಂದು ಸ್ಟೂಲಿನ ಎತ್ತರ

ವಡೋದರಾದ ಫತೇಗಂಜ್‌ನಲ್ಲಿರುವ ನಮ್ಮ ಅಡುಗೆಮನೆಯಲ್ಲಿ ಈಗ ಸ್ಟೂಲಿಲ್ಲ. ಮೇಲಿನ ಶೆಲ್ಫಿನ ಮೆಂತ್ಯದ ಡಬ್ಬಿ ಬೇಕಾದಾಗಲೆಲ್ಲ ತುದಿಗಾಲಲ್ಲಿ ನಿಂತು, ಬೆರಳ ತುದಿಯಿಂದ ಅದನ್ನು ಅಂಚಿಗೆಳೆಯುತ್ತೇನೆ. ಐವತ್ತರ ಹೊಸ್ತಿಲಲ್ಲಿರುವ ಫಿಸಿಯೋಥೆರಪಿಸ್ಟ್ ಒಬ್ಬಳು ಬಿದ್ದು ಸೊಂಟ ಮುರಿದುಕೊಂಡರೆ ಜನ ಎಷ್ಟು ನಕ್ಕಾರು ಎಂದು ಚಿಂತಿಸುತ್ತಲೇ. ಚಿಂತೆ ನನ್ನ ಹುಟ್ಟುಗುಣ. ಚಿಂತಿಸಲು ಕಾರಣವಿಲ್ಲದ ದಿನ, ಏನನ್ನೋ ಮರೆತಿರಬೇಕೆಂದು ಚಿಂತಿಸುತ್ತೇನೆ.

ಇಲ್ಲಿದ್ದ ನೀಲಿ ಸ್ಟೂಲನ್ನು ಜಶುಬೆನ್‌ಗೆ ಕೊಟ್ಟವಳು ನಾನೇ. ರೈಲುಹಳಿಯ ಪಕ್ಕದ ಬಡವರ ಕೇರಿಗೆ ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಅಲ್ಲಿ ನನಗೆ ‘ಕಸರತ್ ಬೆನ್’, ಅಂದರೆ ಕಸರತ್ತಿನ ಅಕ್ಕ, ಎಂದು ಹೆಸರು. ಮಾತ್ರೆ ಕೊಡದೆ, ಸೂಜಿ ಚುಚ್ಚದೆ, ಬರೀ ಕಾಲೆತ್ತು ಕಾಲಿಳಿಸು ಎನ್ನುವ ಇವಳು ಯಾವ ಸೀಮೆಯ ಡಾಕ್ಟರು ಎಂಬ ಅನುಮಾನವೂ ಆ ಹೆಸರಿನಲ್ಲೇ ಇದೆ. ಜಶುಬೆನ್ ಮೂರು ಮನೆಗಳಲ್ಲಿ ಅಡುಗೆ ಮಾಡುವವಳು. ಮೂರೂ ಲಿಫ್ಟಿಲ್ಲದ ಕಟ್ಟಡಗಳ ಮೇಲಂತಸ್ತಿನಲ್ಲಿ. ಬಿದ್ದು ಮೊಣಕಾಲ ಚಿಪ್ಪು ಬಿರಿದಿತ್ತು. ಹೋಳಿಯೊಳಗೆ ಮೆಟ್ಟಿಲು ಹತ್ತದಿದ್ದರೆ ಮೂರು ಮನೆಯೂ ಬೇರೆಯವರ ಪಾಲು. ನೆಲದ ಮೇಲೆ ಕೂರಬೇಡ, ಇದರ ಮೇಲೆ ಕೂತು ದಿನಕ್ಕೆ ಮೂರು ಸಲ ಕಾಲು ಚಾಚಿ ಮಡಚು ಎಂದು ಹೇಳಿ, ಪುಣ್ಯ ಕಟ್ಟಿಕೊಂಡವಳಂತೆ ಮನೆಗೆ ಬಂದೆ.

ಮುಂದಿನ ವಾರ ಹೋದರೆ ಸ್ಟೂಲಿನ ಮೇಲೆ ನೀರಿನ ಮಡಕೆ ವಿರಾಜಮಾನ. ಜಶುಬೆನ್ ನೆಲದ ಮೇಲೆ, ಊದಿದ ಮೊಣಕಾಲಿನೊಂದಿಗೆ. “ಬೆನ್, ನಿಮ್ಮ ಸ್ಟೂಲು ಭಾರೀ ಗಟ್ಟಿ! ಮಡಕೆ ಹೊತ್ತರೂ ಕಾಲು ನೋವು ಅನ್ನಲ್ಲ,” ಎಂದು ಪಕ್ಕದ ಮನೆಯಾಕೆ ಬಾಗಿಲಲ್ಲೇ ನಕ್ಕಳು. ನನಗೆ ಸಿಟ್ಟು ಬಂತು. “ಹೀಗೇ ಕೂತಿರು, ಮೆಟ್ಟಿಲನ್ನ ಮರೆತುಬಿಡು!” ಎಂದು ನನ್ನ ಹರಕು ಗುಜರಾತಿಯಲ್ಲಿ ಕೂಗಾಡಿದೆ.

ಜಶುಬೆನ್ ಮುಖದ ಮೇಲಿನ ಸೆರಗನ್ನು ಇನ್ನಷ್ಟು ಇಳಿಸಿ ಪಿಸುಗುಟ್ಟಿದಳು: “ಮೆಲ್ಲಗೆ ಬೆನ್. ಬಾಪೂಜಿ ಕೂತಿರುವಾಗ ನಾನು ಅವರ ಸಮಕ್ಕೆ ಏರಿ ಕೂರೋದಾ? ಕಾಲುನೋವು ಇವತ್ತಲ್ಲ ನಾಳೆ ಹೋಗುತ್ತೆ. ಓಣಿಯವರ ಬಾಯಿ ಹೋಗುತ್ತಾ?”

ಬಾಪೂಜಿ ಎಂದರೆ ಆಕೆಯ ಮಾವ, ಗಿರಣಿಯಲ್ಲಿ ದುಡಿದು ದಣಿದ ಮುದುಕ. ಆ ಒಂದೇ ಕೋಣೆಯ ಮನೆಯಲ್ಲಿ, ಮೂರು ಮಾರು ದೂರದ ಹಗ್ಗದ ಮಂಚದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಮಾವನ ಸಮಕ್ಕೆ ಸೊಸೆ ಕೂರುವುದಿಲ್ಲವೆಂಬುದು ನನಗೇನು ಹೊಸತೇ? ಕುಂದಾಪುರದ ನಮ್ಮ ಮನೆಯಲ್ಲಿ, ಅಜ್ಜನ ಕೆಮ್ಮು ಕೇಳಿದೊಡನೆ ನನ್ನಮ್ಮ ಕುರ್ಚಿಯಿಂದ ಜಿಗಿದೇಳುತ್ತಿದ್ದಳು. ಮೊಣಕಾಲಿನ ಸ್ನಾಯುಗಳನ್ನೆಲ್ಲ ಹೆಸರು ಹಿಡಿದು ಕರೆಯಬಲ್ಲ ನಾನು, ಆ ಮೊಣಕಾಲು ಒಂದು ಮನೆಯೊಳಗಿದೆ ಎಂಬುದನ್ನೇ ಮರೆತಿದ್ದೆ. ಹೇಳಿದ್ದನ್ನು ಮಾಡದ ರೋಗಿಗೆ ನಾವು ಎಷ್ಟು ಸಲೀಸಾಗಿ ‘ಹಠಮಾರಿ’ ಎಂದು ಹೆಸರಿಟ್ಟುಬಿಡುತ್ತೇವೆ, ನೋಡಿ.

ಆ ವಾರವಿಡೀ ಚಿಂತೆಗೆ ಬರವಿರಲಿಲ್ಲ. ನನ್ನ ಕೂಗಾಟದಿಂದ ಮುದುಕರಿಗೆ ಅವಮಾನವಾಯಿತೋ, ಅದಕ್ಕೆ ಸೊಸೆ ಬೈಗುಳ ತಿಂದಳೋ.

ಮತ್ತೆ ಹೋದದ್ದು ಜನವರಿಯ ಒಂದು ಕೊರೆಯುವ ಬೆಳಿಗ್ಗೆ. ಹಗ್ಗದ ಮಂಚ ಓಣಿಗೆ ಬಂದಿತ್ತು. ಬಾಪೂಜಿ ಕಿವಿಗೆ ಮಫ್ಲರ್ ಸುತ್ತಿ, ಕಂಬಳಿ ಹೊದ್ದು, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. “ಹೊರಗ್ಯಾಕೆ ಕಾಕಾ, ಈ ಚಳಿಯಲ್ಲಿ?” ಎಂದೆ.

“ಒಳಗೆ ತುಂಬಾ ಸೆಕೆ, ಬೆನ್,” ಎಂದರು, ಹಲ್ಲು ಕಟಕಟಿಸುತ್ತ. “ನೀವು ಒಳಗೆ ಹೋಗಿ. ಅವಳ ಕಸರತ್ತು ನಡೀತಿದೆ.”

ಒಳಗೆ ಮಡಕೆ ನೆಲಕ್ಕಿಳಿದಿತ್ತು. ಸ್ಟೂಲಿನ ಮೇಲೆ ಜಶುಬೆನ್ ಸೆರಗು ಹಿಂದೆ ಸರಿಸಿ, ಎಣಿಸುತ್ತ ಕಾಲು ಚಾಚುತ್ತಿದ್ದಳು.

ಹೋಳಿಗೆ ಮುಂಚೆ ಆಕೆ ಮೆಟ್ಟಿಲು ಹತ್ತಿದಳು. ಅಷ್ಟರಲ್ಲಿ ಒಂದು ಮನೆ ಕೈತಪ್ಪಿತ್ತು, ಎರಡು ಉಳಿದವು. ನಾನು ಮಾತ್ರ ಇನ್ನೂ ಹೊಸ ಸ್ಟೂಲು ತಂದಿಲ್ಲ. ಮೆಂತ್ಯದ ಡಬ್ಬಿಗೆ ತುದಿಗಾಲಲ್ಲಿ ಕೈಚಾಚುವಾಗಲೆಲ್ಲ, ಜನವರಿಯ ಚಳಿಯಲ್ಲಿ ಬಾಪೂಜಿ ಹೇಳಿದ ಆ ಸೆಕೆ ನನಗೂ ಒಂದಿಷ್ಟು ತಟ್ಟುತ್ತದೆ.