ತಟ್ಟೆ ಎತ್ತಿದರೆ ಹಾಡು ಮುಗಿಯಿತು

ನಮ್ಮ ಮನೆಯವರ ಮೇಲಿನ ಸಾಲಿನ ಎದುರು ಹಲ್ಲೆರಡು ಅಲ್ಲಾಡತೊಡಗಿದ್ದು ಕೋಡುಬಳೆಯಿಂದ ಎಂದು ಅವರು ಇವತ್ತಿಗೂ ಹೇಳುತ್ತಾರೆ. ಕೋಡುಬಳೆ ಕರಿದವಳು ನಾನು. ಮಾತು ಯಾರ ಕಡೆ ತಿರುಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರ ಹಲ್ಲಾಗಿದ್ದರೆ ಎರಡು ದಿನ ಗಂಜಿ ಕುಡಿದು, ಕೀಳಿಸಿಕೊಂಡು ಬಂದು ಮರೆಯಬಹುದಿತ್ತು. ಇವರು ಟ್ರಂಪೆಟ್ ಊದುವವರು. ಟ್ರಂಪೆಟ್ಟಿನ ಬಾಯಿ ತುಟಿಯ ಮೇಲೆ ಕೂರುತ್ತದೆ, ತುಟಿ ಹಲ್ಲಿನ ಮೇಲೆ ಕೂರುತ್ತದೆ. ಹಲ್ಲೇ ಕೂರದಿದ್ದರೆ ಉಳಿದದ್ದೆಲ್ಲ ಎಲ್ಲಿ ಕೂರಬೇಕು?

ಹಗಲಿಗೆ ಇವರದು ನರಸಿಂಹರಾಜಪುರದ ಪೇಟೆಯಲ್ಲಿ ಮಿಕ್ಸಿ, ಗ್ಯಾಸ್ ಒಲೆ ರಿಪೇರಿ ಅಂಗಡಿ. ಮದುವೆ ಕಾಲ ಬಂತೆಂದರೆ ಕೆಂಪು ಕೋಟು, ಹೆಗಲಿಗೆ ಹಳದಿ ಪಟ್ಟಿ, ತಲೆಗೊಂದು ಟೋಪಿ. ಹನ್ನೊಂದು ಜನರ ಬ್ಯಾಂಡ್‌ಸೆಟ್ಟಿಗೆ ಇವರೇ ಮುಂದಾಳು. ದೊಡ್ಡ ಡ್ರಮ್ ಬಾರಿಸುವವರು ಪಾತ್ರೆ ಅಂಗಡಿಯ ಭಾಯಿ. ನಾವು ಕೊಡಪಾನ ಕೊಳ್ಳಲು ಹೋದರೆ ಬೆರಳಿನಲ್ಲಿ ತಟ್ಟಿ ನೋಡಿ, "ಇದು ಬ್ಯಾಡ ಅಕ್ಕ, ಸ್ವರ ಸರಿ ಇಲ್ಲ" ಎಂದು ಪಕ್ಕಕ್ಕಿಡುವ ಮನುಷ್ಯ. ಯುಫೋನಿಯಂ ಎಂಬ ದಪ್ಪ ಹೊಟ್ಟೆಯ ಪೀಪಿಯನ್ನು ತಬ್ಬಿಕೊಂಡು ಊದುವವರು ಕೊಪ್ಪ–ಶೃಂಗೇರಿ ಬಸ್ಸಿನ ಕಂಡಕ್ಟರು. ಬಸ್ಸಿನಲ್ಲಿ ಸೀಟಿ, ಇಲ್ಲಿ ಇದು. ಏನನ್ನಾದರೂ ಊದದೆ ಅವರಿಗೆ ಹೊತ್ತು ಹೋಗುವುದಿಲ್ಲ.

ಇಪ್ಪತ್ತೆಂಟು ವರ್ಷದಿಂದ ಇವರು ಹೀಗೆ ಮೆಣಸೆ, ಅಡ್ಡಗದ್ದೆ, ಹರಿಹರಪುರ ಎಂದು ದಿಬ್ಬಣದ ಮುಂದೆ ನಡೆದಿದ್ದಾರೆ. ಜನ ಬ್ಯಾಂಡಿನ ಹಿಂದೆ ಕುಣಿಯುತ್ತಾರೆ, ಪಕ್ಕದಲ್ಲಿ ಫೋನಿನಲ್ಲಿ ಮಾತಾಡುತ್ತಾರೆ, ಎದುರಿಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೇಳುವವರು ಯಾರೂ ಇಲ್ಲ. "ಒಂದು ಜನ, ಒಂದೇ ಒಂದು ಜನ ಕೂತ್ಕಂಡು ಕೇಳಿಲ್ಲ ಕಣೆ" ಎಂದು ಇವರು ಬೂಟು ಬಿಚ್ಚುತ್ತಾ ಎಷ್ಟೋ ಸಲ ಹೇಳಿದ್ದಾರೆ. ನಾನು ಕೂತೇ ಕೇಳುತ್ತೇನಲ್ಲ ಎಂದರೆ, "ನೀನು ತರಕಾರಿ ಹೆಚ್ಚಕ್ಕೆ ಕೂರೋದು" ಎನ್ನುತ್ತಾರೆ. ಅದೂ ಸುಳ್ಳಲ್ಲ.

ಹೀಗಿರುವಾಗ ಕೊಪ್ಪದ ನಿವೃತ್ತ ಮೇಷ್ಟ್ರೊಬ್ಬರು, ತಮ್ಮ ಮಗಳ ಮದುವೆಗೆ ಇವರನ್ನೇ ಕರೆಸಿದ್ದವರು, ಅಂಗಡಿಗೆ ಬಂದು ಕೂತರು. ಧನುರ್ಮಾಸದಲ್ಲಿ ಹೇಗೂ ಮದುವೆಗಳಿಲ್ಲ. "ಶೂನ್ಯಮಾಸದಲ್ಲಿ ನಿಮಗೆಂತ ಕೆಲ್ಸ ಮಾರಾಯ್ರೆ? ನಮ್ಮ ಸಭಾಭವನದಲ್ಲಿ ಒಂದು ಕಚೇರಿ ಕೊಡಿ. ನೀವೂ ಕುರ್ಚಿ ಮೇಲೆ ಕೂರಿ, ಜನಾನೂ ಕೂತು ಕೇಳ್ಲಿ" ಎಂದರು. ಆ ದಿನ ಊಟಕ್ಕೆ ಕೂತ ಇವರು ಈ ಮಾತನ್ನು ಅನ್ನಕ್ಕೆ ಒಂದು ಸಲ, ಸಾರಿಗೆ ಒಂದು ಸಲ, ಮಜ್ಜಿಗೆಗೆ ಒಂದು ಸಲ ಹೇಳಿದರು. ಹಲ್ಲು ಅಲ್ಲಾಡಿದ್ದು ಅದರ ಮಾರನೆಯ ವಾರ.

ಕೊಪ್ಪದ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಇವರ ಬಾಯಿಗೆ ಲೈಟು ಬಿಟ್ಟು, "ಎರಡೂ ತೆಗೀಬೇಕು ಅಂಕಲ್. ತಡ ಮಾಡಿದ್ರೆ ಪಕ್ಕದ್ದೂ ಹೋಗ್ತದೆ" ಎಂದಳು.

"ಕಟ್ಟಿಸಿದ ಹಲ್ಲಲ್ಲಿ ಟ್ರಂಪೆಟ್ ಊದಕ್ಕೆ ಆಗ್ತದಾ?"

"ಗೊತ್ತಿಲ್ಲ ಅಂಕಲ್. ಊದುವ ಪೇಷೆಂಟು ನಂಗೆ ಇಲ್ಲೀವರೆಗೆ ಬಂದಿಲ್ಲ."

ಕಚೇರಿಗೆ ಇನ್ನೂ ಮೂರು ವಾರವಿತ್ತು. ಕಚೇರಿ ಭಾನುವಾರ. ಇವರು ಸೋಮವಾರಕ್ಕೆ ಹಲ್ಲು ಕೀಳಿಸುವ ದಿನ ಬರೆಸಿಕೊಂಡು ಬಂದರು. ಆಮೇಲೆ ಊದಲು ಆದೀತೋ ಇಲ್ಲವೋ, ಒಂದು ಸಲ ಮಾತ್ರ ತಮ್ಮದೇ ಹಲ್ಲಿನಲ್ಲಿ, ಕೂತ ಜನರ ಎದುರು ಊದಿಯೇ ಬಿಡಬೇಕು. ಅಲ್ಲಿಯವರೆಗೆ ಹಲ್ಲು ನಿಲ್ಲಬೇಕು.

ಆ ಮೂರು ವಾರ ನಮ್ಮ ಮನೆಯಲ್ಲಿ ಗಟ್ಟಿ ಎಂಬುದೇ ಇರಲಿಲ್ಲ. ಉಪ್ಪಿಟ್ಟು ನೀರಾಯಿತು, ಅನ್ನ ಮುದ್ದೆಯಾಯಿತು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿದ್ದಾಯಿತು. ಕೋಡುಬಳೆ ಡಬ್ಬಿಯನ್ನು ಬೀರುವಿನ ಮೇಲೆ, ಹಳೆ ಸೂಟ್‌ಕೇಸಿನ ಹಿಂದೆ ಇಟ್ಟೆ. ಆದರೂ ಒಂದು ಮಧ್ಯಾಹ್ನ ಕುರ್ಚಿ ಬೀರುವಿನ ಬಳಿ ಹೋಗಿತ್ತು. ಕೇಳಿದರೆ, ಬಲ್ಬು ನೋಡುತ್ತಿದ್ದೆ ಎಂದರು. ಅಲ್ಲಿ ಬಲ್ಬಿಲ್ಲ. ಪೇಟೆಗೆಲ್ಲ ಸುದ್ದಿಯಾಗಿತ್ತು. ಮಿಕ್ಸಿ ಬಿಡಲು ಬಂದವರು ಜಾರು ಆಚೆಗಿಟ್ಟು, "ಹ್ಯಾಂಗಿದೆ?" ಎನ್ನುವರು. ಇವರು ನಾಲಗೆಯಲ್ಲಿ ಒಳಗಿಂದಲೇ ತಡವಿ ನೋಡಿ, "ಇದೆ" ಎನ್ನುವರು.

ಅಭ್ಯಾಸ ನಮ್ಮ ಕಾರ್ ಶೆಡ್ಡಿನಲ್ಲಿ. ನಮಗೆ ಕಾರಿಲ್ಲ, ಶೆಡ್ಡು ಕಟ್ಟಿಸಿದರೆ ಕಾರು ತಾನಾಗಿ ಬರುತ್ತದೆ ಎಂದು ಇವರು ನಂಬಿದ್ದರು. ಹನ್ನೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸಂಜೆ ಐದಕ್ಕೆ ಶುರು ಮಾಡಿದರು. ಮೊದಲ ದಿನವೇ ಗೊತ್ತಾಯಿತು, ನಮ್ಮ ಬ್ಯಾಂಡಿಗೆ ಕೂತು ಬಾರಿಸಲು ಬರುವುದಿಲ್ಲ. ಭಾಯಿಗೆ ತಾಳ ಇದ್ದದ್ದು ಕೈಯಲ್ಲಲ್ಲ, ಕಾಲಿನಲ್ಲಿ. ಹೆಜ್ಜೆ ಇಲ್ಲದೆ ಡ್ರಮ್ಮು ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಲಾರಿಯ ಹಾಗೆ ಓಡಿತು, ಉಳಿದವರು ಹಿಂದಿನಿಂದ ಬಿದ್ದು ಎದ್ದು ಓಡಿದರು. "ನಿಧಾನ ಭಾಯಿ, ನಿಧಾನ! ಹೆಣ್ಣಿನ ಕಡೆಯವ್ರು ಓಡಿ ಹೋಗ್ತಾರೆ" ಎಂದು ಕಂಡಕ್ಟರು ಕೂಗಿದರು. ಕೊನೆಗೆ ಭಾಯಿ ಕೂತಲ್ಲೇ ಎಡ, ಬಲ ಎಂದು ಹೆಜ್ಜೆ ಹಾಕಿದರು. ಅದು ಸರಿಹೋಯಿತು.

ಸರಿಹೋಗದೆ ಉಳಿದದ್ದು ಇನ್ನೊಂದು. ಬ್ಯಾಂಡಿನಲ್ಲಿ ಯಾರಿಗೂ ಯಾವ ಹಾಡಿನ ಕೊನೆಯೂ ಗೊತ್ತಿರಲಿಲ್ಲ.

ಅದರಲ್ಲಿ ಅವರ ತಪ್ಪೂ ಇಲ್ಲ. ದಿಬ್ಬಣದ ಹಾಡಿಗೆ ಕೊನೆ ಎಲ್ಲಿಂದ ಬರಬೇಕು? ಪಲ್ಲವಿ ಆಯಿತು, ಚರಣ ಆಯಿತು, ಮತ್ತೆ ಪಲ್ಲವಿ. ಛತ್ರದ ಬಾಗಿಲು ಬರುವವರೆಗೆ ಸುತ್ತುತ್ತಿರಬೇಕು. ಬಾಗಿಲಲ್ಲಿ ಮುತ್ತೈದೆ ಆರತಿ ತಟ್ಟೆ ಎತ್ತಿದಳೋ, ಹಾಡು ಎಲ್ಲಿದೆಯೋ ಅಲ್ಲೇ ನಿಂತಿತು. ಇಪ್ಪತ್ತೆಂಟು ವರ್ಷದಲ್ಲಿ ಇವರು ಒಂದು ಹಾಡನ್ನೂ ಮುಗಿಸಿಲ್ಲ, ಬರೀ ನಿಲ್ಲಿಸಿದ್ದಾರೆ. ಈಗ ಶೆಡ್ಡಿನಲ್ಲಿ ಆರತಿ ಎತ್ತುವವರಿಲ್ಲ. ಒಬ್ಬರು ನಿಲ್ಲಿಸಿದರೆ ನಾಲ್ವರು ಮುಂದುವರಿಸುವರು, ನಾಲ್ವರು ನಿಲ್ಲಿಸುವಷ್ಟರಲ್ಲಿ ನಿಲ್ಲಿಸಿದವರು ನಾಚಿಕೊಂಡು ಮತ್ತೆ ಶುರು ಮಾಡುವರು. ಒಂದು ದೇವರ ಹಾಡು ಇಪ್ಪತ್ತು ನಿಮಿಷ ಸುತ್ತಿತು. ಇವರ ಕೈ ಹಲ್ಲಿನ ಕಡೆ ಹೋಗುವುದನ್ನು ಕಂಡು ನನಗೇ ತಡೆಯಲಾಗಲಿಲ್ಲ. ಹನ್ನೊಂದು ಲೋಟ ಚಹಾವನ್ನು ತಟ್ಟೆಯಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ, ಶೆಡ್ಡಿನ ಬಾಗಿಲಲ್ಲಿ ನಿಂತೆ.

ಹನ್ನೊಂದೂ ಜನ ಒಂದೇ ಪೆಟ್ಟಿಗೆ ನಿಂತರು.

ಆಮೇಲೆ ಕಂಡಕ್ಟರು, "ಅಕ್ಕ, ಒಂದ್ಸಲ ಕೆಳಗಿಡಿ" ಎಂದರು. ಇಟ್ಟೆ. ಹಾಡು ಶುರುವಾಯಿತು. "ಈಗ ಎತ್ತಿ." ಎತ್ತಿದೆ. ನಿಂತಿತು, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಮೂರು ಸಲ ಪರೀಕ್ಷೆ ಮಾಡುವಷ್ಟರಲ್ಲಿ ಚಹಾ ತಣ್ಣಗಾಯಿತು.

"ಅಕ್ಕ ಬರ್ಲೇಬೇಕು" ಎಂದರು ಭಾಯಿ. "ಎದುರು ಸಾಲಲ್ಲಿ ತಟ್ಟೆ ಹಿಡ್ಕಂಡು ಕೂರ್ಲಿ. ಮೂರನೇ ಸುತ್ತಿಗೆ ಎತ್ಲಿ. ನಮ್ಮ ಬಾಯಿ ತಾನಾಗಿ ಮುಚ್ತದೆ."

"ಮದ್ವೆ ಆದಾಗಿಂದ ನಂಗೆ ಹಂಗೇ ಆಗಿದೆ" ಎಂದರು ನಮ್ಮ ಮನೆಯವರು. ಉಳಿದ ಹತ್ತು ಜನರೂ ನಕ್ಕರು. ನಾನು ತಣ್ಣಗಿನ ಚಹಾವನ್ನೇ ಕುಡಿಸಿದೆ.

ಭಾನುವಾರ ಬೆಳಿಗ್ಗೆ ನಾನು ಹಿತ್ತಾಳೆ ತಟ್ಟೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದೆ. ಇವರು ಟ್ರಂಪೆಟ್ಟನ್ನು ಬಟ್ಟೆಯಲ್ಲಿ ಉಜ್ಜಿದರು. ಯಾವುದು ಹೆಚ್ಚು ಹೊಳೆಯುತ್ತದೆ ಎಂದು ಇಬ್ಬರೂ ಓರೆಗಣ್ಣಿನಲ್ಲಿ ನೋಡಿಕೊಂಡೆವು, ತಟ್ಟೆಯೇ. ಪಿಕಪ್ಪಿನಲ್ಲಿ ಡ್ರಮ್ಮುಗಳನ್ನೆಲ್ಲ ಹೇರಿಕೊಂಡು ಕೊಪ್ಪಕ್ಕೆ ಹೊರಟೆವು. ದಾರಿಯಲ್ಲಿ ಪ್ರತಿ ರಸ್ತೆಯುಬ್ಬಿಗೂ ಇವರು ಹೆಬ್ಬೆರಳಿನಲ್ಲಿ ಹಲ್ಲು ಒತ್ತಿ ಹಿಡಿಯುತ್ತಿದ್ದರು. ಉಬ್ಬು ಬರುವ ಮುಂಚೆ ಕಂಡಕ್ಟರು "ಹೋಲ್ಡಾನ್" ಎಂದು ಕೂಗಿ ಎಚ್ಚರಿಸುತ್ತಿದ್ದರು.

ಸಭಾಭವನದಲ್ಲಿ ಎಂಬತ್ತು ಜನರಾದರೂ ಇದ್ದರು, ಎಲ್ಲರೂ ಕೂತಿದ್ದರು. ಪರದೆ ಸರಿದಾಗ ಅದನ್ನು ಕಂಡು ಬ್ಯಾಂಡಿನವರೇ ಒಂದು ಗಳಿಗೆ ಗಾಬರಿಯಾದರು. ತಮ್ಮನ್ನೇ ನೋಡುತ್ತ ಕೂತ ಮುಖಗಳನ್ನು ಅವರು ಹಿಂದೆ ಕಂಡಿದ್ದಿಲ್ಲ. ಸೈಡ್ ಡ್ರಮ್ಮಿನವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಭಾಯಿ ಕುರ್ಚಿಯ ಕೆಳಗೆ ಎಡ, ಬಲ ಶುರು ಮಾಡಿದರು. ಮೊದಲ ಹಾಡು ಹೊರಟಿತು.

ಮೂರನೆಯ ಸುತ್ತಿಗೆ ತಟ್ಟೆ ಎತ್ತಿದೆ. ನಿಂತಿತು. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಚಪ್ಪಾಳೆ ತಟ್ಟಲಿಲ್ಲ, ಸೊಂಟದ ಚೀಲ ಬಿಚ್ಚಿ ನನ್ನ ತಟ್ಟೆಗೆ ಒಂದು ನಾಣ್ಯ ಹಾಕಿ ಕೈಮುಗಿದರು.

"ಇದು ಆರತಿ ಅಲ್ಲ ಅಜ್ಜಿ."

"ಇರ್ಲಿ ಬಿಡೇ. ಎಂತದಾದ್ರೂ ಬರೀ ತಟ್ಟೆ ಎತ್ತಬಾರ್ದು."

ಅಲ್ಲಿಂದ ಮುಂದೆ ಪ್ರತಿ ಹಾಡಿನ ಕೊನೆಗೆ ನನ್ನ ತಟ್ಟೆಯಲ್ಲಿ ನಾಣ್ಯ ಠಣ್ಣೆಂದು ಜಾರುತ್ತಿತ್ತು. ಮೇಷ್ಟ್ರು ಅದೂ ವಾದ್ಯವೇ ಎಂದುಕೊಂಡು ತಲೆದೂಗಿದರು.

ಕೊನೆಯದು ಹೆಣ್ಣು ಒಪ್ಪಿಸುವ ಹೊತ್ತಿನ ನಿಧಾನದ ಹಾಡು. ಮದುವೆಮನೆಯಲ್ಲಿ ಅದನ್ನು ಕೇಳುವುದು ಸಾಧ್ಯವೇ ಇಲ್ಲ. ಅರ್ಧ ಜನ ಅಳುತ್ತಿರುತ್ತಾರೆ, ಇನ್ನರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಇವರು ಟ್ರಂಪೆಟ್ಟನ್ನು ತುಟಿಗಿಟ್ಟಾಗ ಎಡಗಣ್ಣು ಸ್ವಲ್ಪ ಕಿರಿದಾದದ್ದು ನನಗೆ ಕಾಣಿಸಿತು. ಹಲ್ಲು ನೋಯುವಾಗ ಹಾಗಾಗುತ್ತದೆ. ಮೊದಲ ಸುತ್ತು ಸರಿಯಾಗಿ ಹೋಯಿತು. ಎರಡನೆಯದರಲ್ಲಿ ಒಂದು ಸ್ವರ ಬಿರುಕು ಬಿಟ್ಟಿತು, ಯಾರಿಗೂ ಗೊತ್ತಾಗಲಿಲ್ಲ, ಭಾಯಿಗೆ ಗೊತ್ತಾಗಿ ನನ್ನ ಕಡೆ ನೋಡಿದರು. ಇನ್ನು ಸಾಕು, ಎತ್ತಿಬಿಡಲೇ ಎಂದುಕೊಂಡೆ. ಎತ್ತಲಿಲ್ಲ. ಮಾತಾಗಿದ್ದು ಮೂರು ಸುತ್ತು. ಇವರ ಪಾಲಿನದನ್ನು ಕಡಿಮೆ ಮಾಡಲು ನಾನು ಯಾರು? ಮೂರನೆಯದು ಮುಗಿಯುತ್ತ ಬಂತು. ತಟ್ಟೆ ಎತ್ತಿದೆ.

ಹತ್ತು ಜನ ನಿಂತರು. ಇವರು ನಿಲ್ಲಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು.

ಡ್ರಮ್ಮಿಲ್ಲ, ಯುಫೋನಿಯಂ ಇಲ್ಲ, ಹೆಜ್ಜೆ ಸಪ್ಪಳವಿಲ್ಲ. ಬರೀ ಟ್ರಂಪೆಟ್ಟು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವಳು ನಾನು, ಇವರದು ಅಷ್ಟು ಸಣ್ಣ ಸ್ವರವೆಂದು ನನಗೇ ಗೊತ್ತಿರಲಿಲ್ಲ. ಯಾವಾಗಲೂ ಡ್ರಮ್ಮಿನ ಮೇಲಿಂದ ಕೂಗಿ ಕೂಗಿಯೇ ಕೇಳಿಸಿದ್ದರು. ಅಜ್ಜಿಯ ಕೈ ಸೊಂಟದ ಚೀಲದಲ್ಲೇ ನಿಂತಿತು. ಕಂಡಕ್ಟರು ಯುಫೋನಿಯಂ ಎತ್ತಲು ಹೋದರು, ಭಾಯಿ ಕೋಲಿನಿಂದ ಅವರ ಮೊಣಕಾಲು ತಟ್ಟಿ ತಡೆದರು. ನಾನು ಎತ್ತಿದ ತಟ್ಟೆಯನ್ನು ಏನು ಮಾಡಬೇಕೆಂದು ತಿಳಿಯದೆ ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡೆ. ಇವರು ಪಲ್ಲವಿಗೆ ಮತ್ತೊಮ್ಮೆ ಬಂದು, ಅರ್ಧಕ್ಕೆ ಹೋಗಿ, ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಇಳಿದು, ಕೆಳಗಿನ ಸ್ವರದಲ್ಲಿ ನಿಂತರು. ತಾವಾಗಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಜ್ಜಿ ನನ್ನ ಕಿವಿಯಲ್ಲಿ, "ಮುಗೀತಾ?" ಎಂದರು.

"ಮುಗೀತು ಅಜ್ಜಿ."

ಅವರು ತಟ್ಟಿದ ಮೇಲೆ ಉಳಿದವರೂ ತಟ್ಟಿದರು.

ಇವರು ಕಣ್ಣು ಬಿಟ್ಟು ಅಕ್ಕಪಕ್ಕ ನೋಡಿದರು. ಎಲ್ಲರ ವಾದ್ಯವೂ ತೊಡೆಯ ಮೇಲಿತ್ತು. ಮುಖ ಕೋಟಿನ ಬಣ್ಣಕ್ಕೆ ತಿರುಗಿತು. ಪಿಕಪ್ಪಿಗೆ ಸಾಮಾನು ಹೇರುವಾಗ ನನ್ನನ್ನು ಹಿಡಿದರು.

"ಎಂತ ಮಾರಾಯ್ತಿ, ತಟ್ಟೆ ಎತ್ತೋದಲ್ವಾ?"

"ಎತ್ತಿದ್ದೆ."

"ಸುಳ್ಳು."

"ಎತ್ತಿದ್ರು ಮಾರಾಯ" ಎಂದರು ಭಾಯಿ. "ನಾವು ಹತ್ತು ಜನ ನೋಡಿದ್ವಿ. ನಿನ್ನ ಕಣ್ಣು ಎಲ್ಲಿತ್ತು?"

ಇವರು ಟ್ರಂಪೆಟ್ಟನ್ನು ಎತ್ತಿಕೊಂಡು ಪಿಕಪ್ಪು ಹತ್ತಿದರು. ಊರು ಹತ್ತಿರ ಬಂದ ಮೇಲೆ, ಡ್ರಮ್ಮುಗಳ ಸಂದಿಯಿಂದ ನನ್ನ ಕಡೆ ಬಾಗಿ, "ಆವಾಗ ಜನ ಎಂತ ಮಾಡ್ತಿದ್ರು?" ಎಂದು ಕೇಳಿದರು.

"ಕೂತಿದ್ರು" ಎಂದೆ. "ಒಬ್ರೂ ತರಕಾರಿ ಹೆಚ್ತಾ ಇರ್ಲಿಲ್ಲ."

ಸೋಮವಾರ ಎರಡೂ ಹಲ್ಲು ಹೋದವು. ಡಾಕ್ಟರು, "ಇಷ್ಟು ಸಡಿಲ ಆಗಿರೋದನ್ನ ಇಟ್ಕೊಂಡು ಎಂತ ಊದಿದ್ರಿ ಅಂಕಲ್?" ಎಂದು ಕೇಳಿದಳಂತೆ. ಬಾಯಿಗೆ ಹತ್ತಿ ತುಂಬಿದ್ದರಿಂದ ಇವರಿಗೆ ಹೇಳಲಾಗಲಿಲ್ಲ. ಆಮೇಲೆ ಸಿಕ್ಕಿದವರಿಗೆಲ್ಲ ಹೇಳಿದರು.

ಈಗ ಕಟ್ಟಿಸಿದ ಹಲ್ಲು ಬಂದಿದೆ. ಸಂಜೆ ಐದಕ್ಕೆ ಶೆಡ್ಡಿನಲ್ಲಿ ಒಬ್ಬರೇ ಕೂತು ಊದುತ್ತಾರೆ. ಮೊದಲ ವಾರ ಬರೀ ಗಾಳಿ ಬಂತು, ಸೋರುವ ಗ್ಯಾಸ್ ಪೈಪಿನ ಹಾಗೆ. ರಿಪೇರಿ ಅಂಗಡಿಯವರಾದ್ದರಿಂದ ಅದು ಎಲ್ಲಿ ಸೋರುತ್ತದೆ ಎಂದು ಇವರೇ ಹುಡುಕುತ್ತಾರೆ. ಎರಡನೆಯ ವಾರ ಎಮ್ಮೆಕರುವಿನ ದನಿ ಬಂತು. ನಿನ್ನೆ ಆ ನಿಧಾನದ ಹಾಡಿನ ಮೊದಲ ಸಾಲು, ಅಲ್ಲಲ್ಲಿ ಮುರಿದು, ಬಂತು. ಕೋಡುಬಳೆಯನ್ನು ಸಣ್ಣಗೆ ಪುಡಿ ಮಾಡಿ, ಚಹಾದ ಜೊತೆ ತೆಗೆದುಕೊಂಡು ಹೋಗಿದ್ದವಳು ಬಾಗಿಲಲ್ಲೇ ನಿಂತೆ. ತಟ್ಟೆಯನ್ನು ಸೊಂಟದಿಂದ ಮೇಲಕ್ಕೆ ತರದಂತೆ, ಒಂದು ಪಕ್ಕಕ್ಕೆ ಹಿಡಿದುಕೊಂಡು. ಇವರಿಗೆ ಕಂಡರೆ ನಿಲ್ಲಿಸಿಬಿಡುತ್ತಾರೆ.