ಗಿಣ್ಣದ ಬಣ್ಣದ ಗೋಡೆ

ಆಗ ನಮ್ಮ ಮನೆಗಳಲ್ಲಿ ಗೋಡೆಗೆ ಬಣ್ಣ ಎಂದರೆ ಸುಣ್ಣ, ಬೇರೆ ಯಾವುದೂ ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಹಬ್ಬಕ್ಕೊಮ್ಮೆ ತಾಂಡೂರಿನ ಬಜಾರಿನಿಂದ ಸುಣ್ಣದ ಕಲ್ಲು ಬರುತ್ತಿತ್ತು. ಅವ್ವ ಅದನ್ನು ಹಿತ್ತಲಿನ ಒಡಕು ಗಡಿಗೆಗೆ ಹಾಕಿ ನೀರು ಸುರಿದರೆ, ಕೆಳಗೆ ಬೆಂಕಿಯೇ ಇಲ್ಲದೆ ಅದು ಕೊತಕೊತ ಕುದಿಯುತ್ತಿತ್ತು. ಒಲೆಯಿಲ್ಲದೆ ಕುದಿಯುವ ಆ ಗಡಿಗೆಯನ್ನು ನೋಡಲು ಓಣಿಯ ಮಕ್ಕಳೆಲ್ಲ ಬಂದು ಕೂರುತ್ತಿದ್ದೆವು. "ದೂರ ಸರೀರಿ, ಕಣ್ಣಿಗಿ ಸಿಡೀತಂದ್ರ ಕಣ್ಣೇ ಹೋಗ್ತಾವ" ಎಂದು ಅವ್ವ ಕೋಲು ತೋರಿಸಿದರೆ ಎರಡು ಹೆಜ್ಜೆ ಹಿಂದೆ ಹೋಗಿ, ಮೂರು ಹೆಜ್ಜೆ ಮುಂದೆ ಬರುತ್ತಿದ್ದೆವು.

ಮರುದಿನ ಸುಣ್ಣವನ್ನು ಹಳೆಯ ಧೋತರದ ತುಂಡಿನಲ್ಲಿ ಸೋಸಿ, ನೆನೆಸಿಟ್ಟ ಜಾಲಿಯ ಅಂಟು ಹಾಕಿ, ಒಂದು ಹಿಡಿ ಉಪ್ಪು ಹಾಕಿ, ಕೊನೆಗೆ ನೀಲಿ. ಬಟ್ಟೆಗೆ ಹಾಕುವ ನೀಲಿಯೇ. ನೀಲಿ ಬಿದ್ದ ಸುಣ್ಣ ಒಣಗಿದಾಗ ಹಾಲಿಗಿಂತ ಬೆಳ್ಳಗೆ ಹೊಳೆಯುತ್ತಿತ್ತು. ಯಾರ ಮನೆಯ ಗೋಡೆ ಹೆಚ್ಚು ಬೆಳ್ಳಗೆ ಎಂದು ಹೆಂಗಸರ ನಡುವೆ ಬಾಯಿಬಿಟ್ಟು ಹೇಳದ ಪೈಪೋಟಿ ಇರುತ್ತಿತ್ತು. ಹಸಿ ಸುಣ್ಣದ ವಾಸನೆಗೆ ನಾನಂತೂ ಗೋಡೆಗೆ ಮೂಗು ತಾಗಿಸಿಕೊಂಡೇ ನಿಲ್ಲುತ್ತಿದ್ದೆ. ಮೂಗಿನ ತುದಿ ಬೆಳ್ಳಗಾಗಿ ಸಿಕ್ಕಿಬೀಳುತ್ತಿದ್ದೆ.

ನಾನು ನಾಲ್ಕನೆಯ ತರಗತಿಯಲ್ಲಿದ್ದ ವರ್ಷ, ಸಂಕ್ರಾಂತಿ ಕಳೆದು ತೊಗರಿ ರಾಶಿ ಮುಗಿಯುವ ಹೊತ್ತಿಗೆ, ಊರಿಗೆ ಕಣ್ಣಿನ ಶಿಬಿರ ಬಂತು. ಅಪ್ಪನ ಅವ್ವ, ನಾವು ಆಯಿ ಎನ್ನುತ್ತಿದ್ದೆವು, ಪೆದ್ದೆಮುಲ್ ಆಚೆಯ ಹಳ್ಳಿಯಲ್ಲಿ ಕಾಕಾನ ಜೊತೆ ಕುರಿ ನೋಡಿಕೊಂಡಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಷ್ಟು ಹೇಳಿದರೂ ಆಪರೇಷನ್‌ಗೆ ಒಪ್ಪಿರಲಿಲ್ಲ. ಆದರೆ ಆ ಸಲ ಆಯಿ ಗುರುತು ಸಿಗದೆ ಒಂದು ಕುರಿಯ ಮರಿಯನ್ನು ಇನ್ನೊಂದು ಕುರಿಯ ಕೆಳಗೆ ಹಾಲಿಗೆ ಹಿಡಿದಳಂತೆ, ಆ ಕುರಿ ಮರಿಯನ್ನು ಗುಮ್ಮಿ ಕೆಡವಿತಂತೆ. ಅಂದೇ ಆಯಿ ಬಸ್ಸು ಹತ್ತಿ ಬಂದಳು. "ಮಂದಿ ಗುರ್ತು ಸಿಗಲಿಲ್ಲಂದ್ರೂ ನಡೀತದ. ಮರಿ ಗುರ್ತು ಸಿಗಲಿಲ್ಲಂದ್ರ ಹ್ಯಾಂಗ?" ಎಂದಳು.

ಒಂದು ಕಣ್ಣಿನ ಆಪರೇಷನ್ ಆಯಿತು. ನಲವತ್ತು ದಿನ ಹೊಗೆ ಆಗದು, ಧೂಳು ಆಗದು, ಬಗ್ಗುವಂತಿಲ್ಲ, ತಲೆಗೆ ನೀರು ಹಾಕುವಂತಿಲ್ಲ, ಗಟ್ಟಿ ರೊಟ್ಟಿ ಅಗಿಯುವಂತಿಲ್ಲ, ಆಮೇಲೆ ಚಷ್ಮಾ ಎಂದು ಡಾಕ್ಟರು ಹೇಳಿದರು. ಹಳ್ಳಿಯಲ್ಲಿ ಇದೆಲ್ಲ ಆಗುವ ಮಾತೇ ಅಲ್ಲ. ಹಟ್ಟಿಯ ಧೂಳು, ಒಲೆಯ ಹೊಗೆ, ಮರಿ ಹಾಕುವ ಕುರಿಗಳ ಮುಂದೆ ದಿನವಿಡೀ ಬಗ್ಗಿಯೇ ಇರಬೇಕು. "ನಲವತ್ತು ದಿನ ಇಲ್ಲೇ ಇರಬೇಕವ್ವಾ. ನಡುವ ಹೋದಿ ಅಂದ್ರ ಕಣ್ಣು ಹೋದಂಗೇ" ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟ.

ಆಯಿ ದವಾಖಾನೆಯಲ್ಲಿದ್ದ ನಾಲ್ಕು ದಿನಗಳಲ್ಲಿ ಅವ್ವ ಸುಮ್ಮನೆ ಕೂರಲಿಲ್ಲ. ಹಬ್ಬ ಇಲ್ಲ, ಮದುವೆ ಇಲ್ಲ, ಮನೆಗೆಲ್ಲ ಸುಣ್ಣ ಹೊಡೆದಳು. ನೀಲಿ ಒಂದಕ್ಕೆ ಎರಡು ಹಾಕಿದಳು. "ಅತ್ತಿ ಪಟ್ಟಿ ಬಿಚ್ಚಿದ ಕೂಡ್ಲೆ ಮನಿ ಬೆಳ್ಳಗ ಕಾಣಬೇಕು" ಎಂಬುದು ಅವಳ ಆಸೆ.

ಆಯಿಯನ್ನು ಜಟಕಾದಿಂದ ಇಳಿಸಿ, ಒಳಗೆ ತಂದು ಹೊರಸಿನ ಮೇಲೆ ಕೂರಿಸಿದರು. ನಮ್ಮದು ಒಂದೇ ಖೋಲಿ, ಅದಕ್ಕೆ ಅಂಟಿಕೊಂಡು ಅಡಿಗೆಮನೆ. ಬಾಗಿಲು ಮೂಡಣಕ್ಕೆ. ಅಪ್ಪ ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದ, ಉಳಿದ ತುಂಡುಗಳನ್ನು ತಂದು ನೆಲಕ್ಕೆ ಹಾಸಿದ್ದ. ಬೆಳಗಿನ ಬಿಸಿಲು ಆ ನುಣುಪು ಕಲ್ಲಿನ ಮೇಲೆ ಬಿದ್ದು ಎದುರು ಗೋಡೆಗೆ ಚಿಮ್ಮುತ್ತಿತ್ತು. ಆಯಿ ಕಣ್ಣಿನ ಮೇಲಿನ ಹಸಿರು ಬಟ್ಟೆಯನ್ನು ಒಂದಿಷ್ಟು ಎತ್ತಿದಳು, ಕೂಡಲೇ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡಳು.

"ಯವ್ವಾ! ಇದೇನು ಗ್ವಾಡೀನೋ, ಸೂರ್ಯಾನ್ನೇ ತಂದು ನಿಲ್ಲಿಸೀರೋ? ಸೂಜಿ ಚುಚ್ಚಿದಂಗ ಆಗ್ಲಾಕತ್ಯಾದ!"

ಅವ್ವನ ಮುಖ ನೋಡಬೇಕಿತ್ತು.

ಬಾಗಿಲು ಮುಚ್ಚಿದರೆ ಒಲೆಯ ಹೊಗೆ ಒಳಗೇ ಸುತ್ತುತ್ತಿತ್ತು. ಅಪ್ಪ ಗೋಡೆಗೆ ಆಯಿಯ ಕರಿ ಕಂಬಳಿ ನೇತುಹಾಕಿದ. ಗಾಳಿ ಬೀಸಿದಾಗಲೆಲ್ಲ ಅದರಿಂದ ಉಣ್ಣೆಯ ಪುಡಿ ಉದುರಿತು. ಧೂಳು ಆಗದು ಎಂದು ಅದನ್ನೂ ತೆಗೆದರು. ಹೊರಸನ್ನು ತಿರುಗಿಸಿ ಅಡಿಗೆಮನೆ ಕಡೆ ಮುಖ ಮಾಡಿಸಿದರು. ಎರಡು ದಿನ ಆಯಿ ಹಾಗೆ ಕೂತಳು. ಮೂರನೆಯ ದಿನ ಅವ್ವನ ಮೇಲೆ ಸಿಟ್ಟಿಗೆದ್ದಳು.

"ಏ ಶಾಂತಾ, ಮುಂಜಾನಿಂದ ಸಂಜೀತನಕ ನಿನ್ನ ಬೆನ್ನು ನೋಡಾಕ ಕಣ್ಣು ಕೊಯ್ಸಿಕೊಂಡೀನೇನು ನಾ? ಸಾಕು. ನಾಳಿ ಬಸ್ಸಿಗಿ ನನ್ನ ಕಳಸ್ರಿ. ಕುರಿ ಮರಿ ಹಾಕ್ಲಾಕತ್ತಾವ."

"ಅತ್ತೀ, ಹಂಗ ಅನಬ್ಯಾಡ್ರಿ. ಇನ್ನ ಮೂವತ್ತು ದಿನದ ಮ್ಯಾಲ ಅದ."

"ಇಲ್ಲಿ ಕುಂತು ಕಣ್ಣು ಮುಚ್ಚಿಕೊಳ್ಳೋದ್ರಕಿಂತ ಅಲ್ಲಿ ಹೋಗಿ ಕುರುಡಿ ಆಗೋದೇ ಪಾಡು!"

ಆಯಿ ಹಟ ಹಿಡಿದರೆ ಹಿಡಿದಂತೆಯೇ. ನನಗೆ ಅಳು ಬಂತು. ಕಣ್ಣಿನ ಚಿಂತೆ ಒಂದು ಕಡೆ. ಆಯಿ ಇದ್ದರೆ ಕಲ್ಲಿನ ಚೂರುಗಳಲ್ಲಿ ನನ್ನ ಜೊತೆ ಗಜ್ಜುಗ ಆಡುತ್ತಿದ್ದಳು, ಕಣ್ಣು ಮುಚ್ಚಿಕೊಂಡೂ ಗೆಲ್ಲುತ್ತಿದ್ದಳು. ಅದೂ ಒಂದು ಕಡೆ.

ಅಂದು ಮಧ್ಯಾಹ್ನ ಅವ್ವ ಗೋಡೆಯಾಚೆಯ ಶಾಹೀನ್ ಖಾಲಾ ಹತ್ತಿರ ಗೋಳು ಹೇಳಿಕೊಂಡಳು. ಖಾಲಾ ಸಲಹೆ ಕೊಟ್ಟಳು: "ಅರೇ, ಅದರ ಮ್ಯಾಲ ಜರಾ ಪೀಲಾ ಹೊಡಿ ಶಾಂತಾ. ಹಳದಿ ಮಣ್ಣು ಕಲಸಿ ಒಂದು ಕೈ ಹೊಡದ್ರ ಠಂಡಾ ಆಗ್ತಾದ ಗ್ವಾಡಿ." ಹಳದಿ ಮಣ್ಣು ಸಂತೆಯ ದಿನವೇ ಸಿಗಬೇಕು. ಸಂತೆಗೆ ಇನ್ನೂ ನಾಲ್ಕು ದಿನ. ಆಯಿಯ ಬಸ್ಸು ನಾಳೆ. ಅವ್ವ ಉಳಿದ ಸುಣ್ಣವನ್ನು ಬಕೀಟಿನಲ್ಲಿ ಕಲಸಿಟ್ಟು, ಏನು ಮಾಡುವುದೆಂದು ತೋಚದೆ, ಕೊಡ ಎತ್ತಿಕೊಂಡು ನಳಕ್ಕೆ ಹೋದಳು.

ಹಳದಿ ಬೇಕು, ಅಷ್ಟೇ ತಾನೆ? ನಾನು ಅಡಿಗೆಮನೆಗೆ ಹೋಗಿ ಅರಿಶಿನದ ಡಬ್ಬಿ ಇಳಿಸಿದೆ. ವರ್ಷಕ್ಕೆಂದು ಕುಟ್ಟಿಟ್ಟ ಅರಿಶಿನ. ಒಂದು ಹಿಡಿ ಹಾಕಿದೆ. ಕೋಲಿನಿಂದ ತಿರುವಿದೆ. ಹಾಕಿದ್ದು ಹಳದಿ, ಬಂದದ್ದು ಕೆಂಪು! ಕಡಿಮೆಯಾಯಿತೇನೋ ಎಂದು ಇನ್ನೊಂದು ಹಿಡಿ ಹಾಕಿದೆ. ಇನ್ನೂ ಕೆಂಪಾಯಿತು. ಆರತಿ ತಟ್ಟೆಯ ಕೆಂಪು ನೀರಿಗೆ ಕುಂಕುಮ ಹಾಕುತ್ತಾರೆಂದೇ ನಾನು ಆವರೆಗೆ ತಿಳಿದಿದ್ದೆ. ಸುಣ್ಣಕ್ಕೆ ಅರಿಶಿನ ಬಿದ್ದರೆ ಹೀಗಾಗುತ್ತದೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವ್ವ ಬಂದಳು. ಕೊಡ ಇಳಿಸಲಿಲ್ಲ, ಸೊಂಟದಲ್ಲೇ ಇತ್ತು. ಬಕೀಟು ನೋಡಿದಳು, ನನ್ನ ಹಳದಿ ಕೈ ನೋಡಿದಳು.

"ಏನಾತೇ ಅಲ್ಲಿ?" ಎಂದು ಒಳಗಿನಿಂದ ಆಯಿ ಕೂಗಿದಳು.

"ಏನಾಗಬೇಕ್ರಿ ಅತ್ತೀ! ನಿಮ್ಮ ಮೊಮ್ಮಗಳು ಬಕೀಟು ತುಂಬ ಆರತಿ ನೀರು ಮಾಡ್ಯಾಳ!"

ಒಳಗಿನಿಂದ ಆಯಿಯ ದನಿ ಬಂತು: "ಪಾಡ ಆತು. ದವಾಖಾನಿಂದ ಬಂದಾಗ ನನಗ ಯಾರೂ ಆರತಿ ಎತ್ತಲಿಲ್ಲ. ಮೊಮ್ಮಗಳಿಗರ ನೆನಪಾತು."

ಈ ಮಾತು ಅವ್ವನಿಗೆ ನಾಟಿತು. ಸುಣ್ಣದ ಗಡಿಬಿಡಿಯಲ್ಲಿ ಅವಳು ನಿಜಕ್ಕೂ ಆರತಿ ಮರೆತಿದ್ದಳು. ನನಗೆ ಬೀಳಬೇಕಿದ್ದ ಏಟು ಬೀಳಲೇ ಇಲ್ಲ. ಅವ್ವ ಸೆರಗು ಸಿಗಿಸಿ, ಕುಂಚ ಅದ್ದಿ, ಎದುರು ಗೋಡೆಗೆ ಆ ಕೆಂಪನ್ನೇ ಬಳಿಯತೊಡಗಿದಳು. ಸುಣ್ಣ ಚೆಲ್ಲಿದರೆ ಬೇರೆ ಇರಲಿಲ್ಲ. ಸಿಟ್ಟು ತೀರಿಸಿಕೊಳ್ಳಲು ಬೇರೆ ಗೋಡೆಯೂ ಇರಲಿಲ್ಲ. ಸಂಜೆ ಅಪ್ಪ ಬಂದ, ತಲೆ ಮೀಸೆಯೆಲ್ಲ ಕಲ್ಲಿನ ಪುಡಿ. ಬಾಗಿಲಲ್ಲೇ ನಿಂತುಬಿಟ್ಟ.

"ಇದ್ಯಾರು ಇಷ್ಟು ಎಲಿ ಅಡಿಕಿ ತಿಂದು ಉಗಳ್ಯಾರ ಗ್ವಾಡಿ ತುಂಬ?"

ಅವ್ವ ನಗಲಿಲ್ಲ. ಆಯಿ ನಕ್ಕಳು. ಕಣ್ಣು ಅಲುಗಬಾರದೆಂದು ಹಸಿರು ಬಟ್ಟೆಯನ್ನು ಒತ್ತಿ ಹಿಡಿದುಕೊಂಡು ನಕ್ಕಳು.

ಬೆಳಿಗ್ಗೆ ಆಯಿ ಗಂಟು ಕಟ್ಟಿಕೊಂಡೇ ಕೂತಿದ್ದಳು. ಹೊರಸು ಮತ್ತೆ ಗೋಡೆಯ ಕಡೆ ತಿರುಗಿತ್ತು. ಬಿಸಿಲು ಬಂದು ನೆಲಕ್ಕೆ ಬಿತ್ತು, ನೆಲದಿಂದ ಗೋಡೆಗೆ ಹೋಯಿತು. ಆಯಿ ಬಟ್ಟೆ ಎತ್ತಿ ನೋಡಿದಳು. ಕಣ್ಣು ಮುಚ್ಚಿಕೊಳ್ಳಲಿಲ್ಲ.

"ಚುಚ್ಚಂಗಿಲ್ಲ ಇದು," ಎಂದಳು. ಮತ್ತೆ, "ನಿನ್ನಿ ಕೆಂಪಿತ್ತು ಅಂದ್ರಲ್ಲ? ಆ ಮೂಲ್ಯಾಗ ನನಗ ಬ್ಯಾರೆ ಕಾಣ್ತಾದಲ್ಲ? ಏ ಹುಡುಗಿ, ನೋಡಿ ಹೇಳು."

ನಾನು ಗೋಡೆಗೆ ಮೂಗು ತಾಗಿಸಿ ನೋಡಿದೆ. ಬಿಸಿಲು ಬೀಳುತ್ತಿದ್ದ ಮೂಲೆಯಲ್ಲಿ ಕೆಂಪು ಹೋಗಿ, ಮಾಗಿದ ಪಪ್ಪಾಯಿಯ ಬಣ್ಣ ಬಂದಿತ್ತು. ಹಾಗೆಂದೇ ಹೇಳಿದೆ.

"ಹೌದಾ? ನಾಳಿ ಏನಾಗ್ತಾದೋ," ಎಂದಳು ಆಯಿ. ಬಸ್ಸು ಓಣಿಯ ತುದಿಯಲ್ಲಿ ಹಾರನ್ ಹೊಡೆದು ಹೋಯಿತು. ಗಂಟು ಹೊರಸಿನ ಕೆಳಗೆ ಹೋಯಿತು.

ಅಲ್ಲಿಂದ ಅದು ದಿನದ ಕೆಲಸವಾಯಿತು. ಬೆಳಿಗ್ಗೆ ಅವ್ವ ಜೋಳದ ಗಂಜಿ ಇಲ್ಲವೇ ತೊಗರಿಬೇಳೆಯಲ್ಲಿ ನೆನೆಸಿದ ರೊಟ್ಟಿ ಆಯಿಯ ಮುಂದಿಡುತ್ತಿದ್ದಳು. ಚಷ್ಮಾ ಇಲ್ಲದ ಆಯಿಯ ಕಣ್ಣಿಗೆ ಎಲ್ಲ ಮಂಜು ಮಂಜು. ಉಣ್ಣುತ್ತ ಕೇಳುತ್ತಿದ್ದಳು: "ಇವತ್ತು ಯಾವ ಬಣ್ಣ?" ನಾನು ಹೇಳುತ್ತಿದ್ದೆ: ಚೆಂಡುಹೂವು. ಎರಡು ದಿನ ಬಿಟ್ಟು, ಹಸಿ ತೊಗರಿಬೇಳೆ. ಆಮೇಲೆ ಮೆಕ್ಕೆಜೋಳ. ಆಮೇಲೆ ಶೇಂಗಾ ಎಣ್ಣೆ. ಬಿಸಿಲು ಬಿದ್ದಲ್ಲಿ ಮುಂದೆ, ನೆರಳಿದ್ದಲ್ಲಿ ಹಿಂದೆ, ಹೀಗೆ ಗೋಡೆ ಕೆಂಪಿನಿಂದ ಹಳದಿಗೆ, ಹಳದಿಯಿಂದ ಕೆನೆಗೆ ದಿನಾ ಒಂದಿಷ್ಟು ಇಳಿಯುತ್ತಿತ್ತು. ಶಾಹೀನ್ ಖಾಲಾ ಕೂಡ ಕೆಲಸದ ನಡುವೆ ಇಣುಕಿ "ಆಜ್ ಕಹಾಂತಕ್, ಎಲ್ಲೀತನಕ ಬಂತು?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದಳು. ಸಂತೆಯಿಂದ ಅಪ್ಪ ಹಳದಿ ಮಣ್ಣು ತಂದಾಗ ಆಯಿ ಮುಟ್ಟಗೊಡಲಿಲ್ಲ. "ಅದರ ಪಾಡಿಗಿ ಅದು ಹೋಗ್ಲಾಕತ್ಯಾದ, ಬಿಡು" ಎಂದಳು.

ಇಪ್ಪತ್ತು ಇಪ್ಪತ್ತೆರಡು ದಿನಕ್ಕೆ ಗೋಡೆ ನಿಂತುಬಿಟ್ಟಿತು. ನಿನ್ನೆ ಹೇಗಿತ್ತೋ ಇಂದೂ ಹಾಗೆಯೇ. ಇನ್ನೂ ಎಂಟೊಂಬತ್ತು ದಿನ ಉಳಿದಿತ್ತು. ನೋಡುವುದು ಮುಗಿಯಿತೆಂದರೆ ಆಯಿ ಗಂಟು ಎತ್ತುತ್ತಾಳೆ. ನಾನು ಸುಳ್ಳು ಹೇಳತೊಡಗಿದೆ. "ಇವತ್ತು ಬೆಣ್ಣಿ, ಆಯಿ." ಮರುದಿನ, "ಅಕ್ಕಿ ತೊಳೆದ ನೀರು." ಅದರ ಮರುದಿನ ಬಣ್ಣ ಹೊಳೆಯದೆ ತಡವರಿಸುತ್ತಿದ್ದಾಗ, ಅಡಿಗೆಮನೆಯಿಂದ ಅವ್ವ ಮೆಲ್ಲಗೆ, "ಬೆಲ್ಲದ ಪಾಕ ಅನ್ನು" ಎಂದಳು. ಅವಳೂ ದಿನ ಎಣಿಸುತ್ತಿದ್ದಳೆಂದು ನನಗೆ ಆಗ ಗೊತ್ತಾಯಿತು. ನಾನು ಹಾಗೆಯೇ ಅಂದೆ.

ಆಯಿ ತುತ್ತು ನಿಲ್ಲಿಸಿದಳು. "ಮೊನ್ನಿ ಬೆಣ್ಣಿ ಅಂದಿ, ನಿನ್ನಿ ಅಕ್ಕಿ ನೀರು, ಇವತ್ತು ಬೆಲ್ಲ. ಗ್ವಾಡಿ ಹಿಂದಕ್ಕ ನಡೀಲಾಕತ್ಯಾದೇನು?"

ನಾನು ಗೋಡೆಯ ಕಡೆ ತಿರುಗಿ ನಿಂತೆ, ಅವ್ವ ಒಲೆ ಕೆದಕಿದಳು.

"ಇರಲಿ. ನಾಳಿ ಮತ್ತ ಮುಂದಕ್ಕ ಬಂದೀತು," ಎಂದು ಆಯಿ ಗಂಜಿ ಕುಡಿದಳು.

ನಲವತ್ತನೆಯ ದಿನ ಅಪ್ಪ ಆಯಿಯನ್ನು ಕರೆದುಕೊಂಡು ಹೋಗಿ ಚಷ್ಮಾ ಹಾಕಿಸಿಕೊಂಡು ಬಂದ. ದಪ್ಪ ಗಾಜು, ಅದರ ಹಿಂದೆ ಆಯಿಯ ಕಣ್ಣು ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅವಳು ಒಳಗೆ ಬಂದು ಗೋಡೆಯ ಮುಂದೆ ನಿಂತಳು. ಅಂಗೈಯಿಂದ ಸವರಿದಳು. ಕುಂಚ ಎಳೆದ ಗೆರೆಗಳು, ಅವ್ವ ಸಿಟ್ಟಿನಲ್ಲಿ ಬಳಿಯುವಾಗ ಬಿಟ್ಟುಹೋದ ಜಾಗಗಳು, ಎಲ್ಲವನ್ನೂ ಒಂದೊಂದಾಗಿ ನೋಡಿದಳು.

"ಗಿಣ್ಣದ ಬಣ್ಣ ಅದ ಇದು," ಎಂದಳು. "ಮರಿ ಹಾಕಿದ ಕುರಿ ಮೊದಲ ದಿನದ ಹಾಲು ಕಾಸಿದ್ರ ಹಿಂಗೇ ಆಗ್ತಾದ. ನೀ ಇದೊಂದು ಬಿಟ್ಟು ಊರಾಗಿನ ಬಣ್ಣ ಎಲ್ಲಾ ಹೇಳಿದಿ, ಸುಳ್ಳಿ!"

"ನಿನಗ ಗೊತ್ತಿತ್ತಾ ಆಯಿ?"

"ಗ್ವಾಡಿ ನಿಂತದ್ದು ನಿನಗಿಂತ ಮೊದಲ ಗೊತ್ತಿತ್ತು. ನೀ ದಿನಾ ಏನು ಹೇಳ್ತಿ ಅಂತ ಕೇಳಾಕ ಕುಂತಿದ್ದೆ."

ಹಾಗೆಂದು ತಿರುಗಿದವಳು ಅಡಿಗೆಮನೆಯ ಬಾಗಿಲಲ್ಲಿದ್ದ ಅವ್ವನನ್ನು ಕಂಡಳು. ಬಹಳ ಹೊತ್ತು ನೋಡಿದಳು. ಎಷ್ಟೋ ವರ್ಷಗಳ ಮೇಲೆ ಅವ್ವನ ಮುಖ ಅವಳಿಗೆ ಸ್ಪಷ್ಟವಾಗಿ ಕಂಡಿರಬೇಕು.

"ಏ ಶಾಂತಾ, ನೀ ಎಂದಿನಿಂದ ಇಷ್ಟು ಸೊರಗೀದಿಯೇ?" ಎಂದಳು. ದನಿ ಬೇರೆಯೇ ಇತ್ತು. "ಬಾ ಇಲ್ಲಿ, ಕುಂದ್ರು."

ಅವ್ವ ಬಂದು ಹೊರಸಿನ ತುದಿಗೆ ಕೂತಳು. ಅತ್ತೆಯ ಎದುರು ಅವಳು ಹೊರಸಿನ ಮೇಲೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಂದಿನ ದಸರೆಗೆ ಅವ್ವ ಬೇಕೆಂದೇ ಸುಣ್ಣಕ್ಕೆ ಅರಿಶಿನ ಹಾಕಿ ನೋಡಿದಳು. ಅಳತೆ ತಪ್ಪಿತೋ, ಮಳೆಗಾಲದ ತಂಪಿಗೋ, ಗೋಡೆಯೆಲ್ಲ ತೇಪೆ ತೇಪೆಯಾಯಿತು. ಆ ಮೇಲೆ ಹಳದಿ ಮಣ್ಣು, ಅದರ ಮೇಲೆ ಡಿಸ್ಟೆಂಪರ್, ಅದರ ಮೇಲೆ ಅಂಗಡಿಯ ಬಣ್ಣ. ಈಗ ಅವ್ವನೂ ಇಲ್ಲ, ಆಯಿಯೂ ಇಲ್ಲ, ಆ ಖೋಲಿ ಕೆಡವಿ ನನ್ನ ತಮ್ಮ ಮಾಳಿಗೆ ಕಟ್ಟಿಸಿದ್ದಾನೆ.

ನಾನಿರುವುದು ಜಹೀರಾಬಾದಿನಲ್ಲಿ. ಹೋದ ವರ್ಷ ನಮ್ಮ ಮನೆಗೆ ಬಣ್ಣ ಹೊಡೆಸಿದೆವು. ಬಣ್ಣದವನು ನೂರಾರು ಚೌಕಗಳ ಪುಸ್ತಕ ಬಿಡಿಸಿ, ಬಿಳಿಯಲ್ಲೇ ಹತ್ತಿಪ್ಪತ್ತು ತೋರಿಸಿದ. ನಾನು ತಡಮಾಡದೆ ಗಿಣ್ಣದ ಬಣ್ಣದ್ದೊಂದರ ಮೇಲೆ ಬೆರಳಿಟ್ಟೆ. "ಚಲೋ ಆರಿಸಿದ್ರಿ ಅಕ್ಕಾ, ಈಗ ಎಲ್ಲಾರೂ ಇದನ್ನೇ ಕೇಳ್ತಾರ" ಎಂದ. ಎರಡೇ ದಿನಕ್ಕೆ ಕೆಲಸ ಮುಗಿಯಿತು. ಒಂದು ಗೆರೆಯಿಲ್ಲ, ಒಂದು ತೇಪೆಯಿಲ್ಲ. ಕಲೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೆಳಗಿನ ಬಿಸಿಲು ಬಿದ್ದಾಗ ಖೋಲಿಯೆಲ್ಲ ಹದವಾಗಿ ಬೆಳಗುತ್ತದೆ, ಕಣ್ಣಿಗೆ ಎಲ್ಲೂ ಚುಚ್ಚುವುದಿಲ್ಲ. ಚಹಾದ ಬಟ್ಟಲು ಹಿಡಿದು ಅದರ ಎದುರು ಕೂರುವುದೆಂದರೆ ನನಗೆ ಇಷ್ಟ. ಇದಕ್ಕಿಂತ ಒಳ್ಳೆಯ ಗೋಡೆ ನಾನು ಕೇಳಲಾರೆ.

ಆದರೆ ಅದು ಬಂದ ದಿನವೇ ಮುಗಿದು ಬಂದ ಗೋಡೆ. ನಿನ್ನೆ ಇದ್ದಂತೆ ಇಂದು, ಇಂದು ಇದ್ದಂತೆ ನಾಳೆ. ಅದರಲ್ಲಿ ನೋಡಿ ಹೇಳಬೇಕಾದ್ದೇನೂ ಇಲ್ಲ. ಹೇಳಲಿ ಎಂದು ತುತ್ತು ಹಿಡಿದು ಕಾಯುವವರೂ ಇಲ್ಲ. ಸುಳ್ಳಾದರೂ ಸರಿ, ದಿನಕ್ಕೊಂದು ಬಣ್ಣ ಹೇಳಿ ಒಬ್ಬರನ್ನು ಇನ್ನೊಂದು ದಿನ ಮನೆಯಲ್ಲಿ ಉಳಿಸಿಕೊಳ್ಳಬಹುದಾಗಿತ್ತು ಆಗ.